ಗಾಳಿ ತಿರುಗುವವರೆಗೆ

ತಾಂಜಾನಿಯದ ದಾರ್ ಎಸ್ ಸಲಾಮಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಹುಡುಗ ನನ್ನನ್ನು ಕಂಡಾಗಲೆಲ್ಲ ‘ಶಿಕಮೂ’ ಎನ್ನುತ್ತಿದ್ದ. ಅದಕ್ಕೆ ‘ಮರಹಬಾ’ ಎನ್ನಬೇಕೆಂದು ಕಲಿಯಲು ವಾರ ಹಿಡಿಯಿತು. ಆ ಮಾತಿನ ಮೂಲಾರ್ಥ ‘ಕಾಲು ಹಿಡಿಯುತ್ತೇನೆ’ ಎಂದು ತಿಳಿದದ್ದು ವರ್ಷದ ಮೇಲೆ. ಹೊನ್ನಾವರದ ಕಡೆಯವನಾದ ನನಗೆ ಹಿರಿಯರ ಕಾಲಿಗೆ ಬೀಳುವುದು ಹೊಸದಲ್ಲ. ಇಲ್ಲಿ ಅದು ಬಾಗದೆ ಬಾಯಲ್ಲೇ ಮುಗಿಯುತ್ತದೆ. ಸೊಂಟ ನೋವಿನವರಿಗೆ ಇದೇ ವಾಸಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ಇಲ್ಲಿಯ ಸ್ವಾಹಿಲಿ ಭಾಷೆಯ ಈ ನಮಸ್ಕಾರ ಆಫ್ರಿಕದ್ದೇ ಆದ ಬಂಟು ನುಡಿಗಳದು, ಅದಕ್ಕೆ ಕೊಡುವ ಉತ್ತರ ಅರಬ್ಬಿಯದು.

ರಜೆಗೆ ಊರಿಗೆ ಹೋದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಅಲ್ಲಿಯವರು ಮುಸ್ಲಿಮರಾದದ್ದು ಹೇಗೆ? ಕತ್ತಿಗೆ ಹೆದರಿಯೋ, ದುಡ್ಡಿಗೆ ಆಸೆಪಟ್ಟೋ?’ ನಾನು ಗಾಳಿಯಿಂದ ಎನ್ನುತ್ತೇನೆ. ತಮಾಷೆ ಎಂದುಕೊಳ್ಳುತ್ತಾರೆ.

ಪೂರ್ವ ಆಫ್ರಿಕದ ಈ ಕರಾವಳಿಯಲ್ಲಿ ಎರಡು ಗಾಳಿಗಳಿವೆ. ‘ಕಸ್ಕಾಜಿ’ ಡಿಸೆಂಬರಿನ ಹೊತ್ತಿಗೆ ಈಶಾನ್ಯದಿಂದ ಬೀಸಿ ಅರಬಸ್ಥಾನದ, ಗುಜರಾತಿನ ಹಾಯಿಹಡಗುಗಳನ್ನು ಇಲ್ಲಿಗೆ ತರುತ್ತಿತ್ತು. ನೈರುತ್ಯದ ‘ಕೂಸಿ’ ಏಪ್ರಿಲಿನ ಸುಮಾರಿಗೆ ಎದ್ದು ಅವುಗಳನ್ನು ವಾಪಸು ಕಳಿಸುತ್ತಿತ್ತು. ಬಟ್ಟೆ, ಮಣಿ ಇಳಿಸಿ ದಂತ, ಚಿನ್ನ, ಕಾಂಡ್ಲಾ ಮರದ ಕಂಬ ತುಂಬಿಕೊಂಡರೂ ಗಾಳಿ ತಿರುಗದೆ ಹೊರಡುವಂತಿರಲಿಲ್ಲ. ಅಷ್ಟು ತಿಂಗಳು ವ್ಯಾಪಾರಿ ಎಲ್ಲಿ ಉಣ್ಣಬೇಕು, ಯಾರನ್ನು ನಂಬಿ ಮಾಲು ಇಡಬೇಕು?

1331ರಲ್ಲಿ ಇದೇ ಕರಾವಳಿಯ ಮೊಗದಿಶುವಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇದಕ್ಕೆ ಕಣ್ಣಾರೆ ಕಂಡ ಉತ್ತರ ಕೊಟ್ಟಿದ್ದಾನೆ. ಹಡಗು ಬಂದೊಡನೆ ಊರಿನ ಯುವಕರು ಸಣ್ಣ ದೋಣಿಗಳಲ್ಲಿ ಎದುರುಹೋಗಿ, ಮುಚ್ಚಿದ ತಟ್ಟೆಯಲ್ಲಿ ಊಟ ಕೊಟ್ಟು ‘ಇವರು ನನ್ನ ಅತಿಥಿ’ ಎನ್ನುತ್ತಿದ್ದರಂತೆ. ಆಮೇಲೆ ಆ ವ್ಯಾಪಾರಿಯ ಕೊಳ್ಳುವಿಕೆ, ಮಾರುವಿಕೆ ಎಲ್ಲ ಆತಿಥೇಯನ ಮೂಲಕವೇ. ಇದನ್ನು ಓದಿದಾಗ ನನಗೆ ನೆನಪಾದದ್ದು ಶಿರಸಿಯ ಅಡಿಕೆ ದಲಾಲರು. ಅಜ್ಜ ಅಡಿಕೆ ಹೇರಿಕೊಂಡು ಹೋದರೆ ಊಟ, ಮಲಗುವುದು ಎರಡೂ ಅವರಲ್ಲೇ. ಇನ್ನೊಬ್ಬರಿಗೆ ಮಾರುವ ಮಾತನ್ನು ಅಜ್ಜ ಎತ್ತುತ್ತಲೇ ಇರಲಿಲ್ಲ. ಅಂದಹಾಗೆ ಬತೂತನಿಗೆ ಬಡಿಸಿದ್ದು ತುಪ್ಪದ ಅನ್ನ, ಜೊತೆಗೆ ನಿಂಬೆ, ಹಸಿಶುಂಠಿ, ಮಾವಿನ ಉಪ್ಪಿನಕಾಯಿ. ಅಪ್ಪೆಮಿಡಿ ಅಲ್ಲದಿದ್ದರೂ ಬಾಯಲ್ಲಿ ನೀರು ಬಂತು.

ಆದರೆ ದಲಾಲರು ಅಜ್ಜನನ್ನು ಅಳಿಯನನ್ನಾಗಿ ಮಾಡಿಕೊಳ್ಳಲಿಲ್ಲ. ಇಲ್ಲಿಯವರು ಮಾಡಿಕೊಂಡರು. 2023ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನದ ಪ್ರಕಾರ ಕ್ರಿ.ಶ. 1000ದ ಸುಮಾರಿನಿಂದ ಈ ಕರಾವಳಿಯಲ್ಲಿ ಬೆರಕೆ ಕಾಣುತ್ತದೆ: ತಾಯಿಯ ಕಡೆ ಬಹುಪಾಲು ಆಫ್ರಿಕ, ತಂದೆಯ ಕಡೆ ಬಹುಪಾಲು ಪರ್ಷಿಯ. ಪರ್ಷಿಯದ ಶಿರಾಜಿನಿಂದ ಬಂದ ಅಲಿ ಎಂಬಾತ ದ್ವೀಪವನ್ನು ಸುತ್ತುವಷ್ಟು ಬಟ್ಟೆ ಕೊಟ್ಟು ಇಲ್ಲಿಯ ಕಿಲ್ವಾ ದ್ವೀಪವನ್ನು ಕೊಂಡನೆಂಬ ಐತಿಹ್ಯವೂ ಉಂಟು. ಅದಕ್ಕಿಂತ ಹಿಂದೆ, 8ನೆಯ ಶತಮಾನದಲ್ಲೇ, ಕೆನ್ಯಾದ ಲಾಮು ದ್ವೀಪಸಮೂಹದ ಶಾಂಗಾದಲ್ಲಿ ಮರದ ಪುಟ್ಟ ಮಸೀದಿಯೊಂದಿತ್ತು. ಹೆಚ್ಚು ಜನ ಹಿಡಿಸದ ಆ ಮಸೀದಿಯನ್ನು ನೆನೆದರೆ ಮತ ಇಲ್ಲಿ ದಂಡೆತ್ತಿ ಬರಲಿಲ್ಲ, ಅತಿಥಿಯಾಗಿ ಬಂದು ಜಾಗ ಮಾಡಿಕೊಂಡಿತು ಎಂದೇ ನನಗೆ ತೋರುತ್ತದೆ. ಅರಬರು ಬಂದು ನಾಗರಿಕತೆ ಕಲಿಸಿದರು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಬಾಗಿಲು ತೆರೆದವರು, ಷರತ್ತು ಹಾಕಿದವರು ಇಲ್ಲಿಯವರು.

ಭಾಷೆಯೇ ಸಾಕ್ಷಿ. ಸ್ವಾಹಿಲಿಯಲ್ಲಿ ಕಿತಾಬು, ಕಲಾಮು, ದುನಿಯಾ, ಹಬಾರಿ, ಸಬೂನಿ ಎಲ್ಲ ಇವೆ; ನಮ್ಮ ಸಾಬೂನು, ದುನಿಯಾಗಳ ನೆಂಟರೇ. ವ್ಯಾಕರಣ ಮಾತ್ರ ಅಪ್ಪಟ ಬಂಟು. ನಮ್ಮ ಭಟ್ಕಳದ ನವಾಯತರನ್ನು, ಮಂಗಳೂರಿನ ಬ್ಯಾರಿಗಳನ್ನು ನೋಡಿ. ಕಡಲಾಚೆಯ ನಂಟಿದ್ದರೂ ಒಬ್ಬರ ಮಾತಿನ ಬುಡ ಕೊಂಕಣಿ, ಇನ್ನೊಬ್ಬರದು ದ್ರಾವಿಡ. ಮನೆಯ ಮುಂದಿನ ಕಟ್ಟೆಯೂ ಅಷ್ಟೆ: ಜಂಜಿಬಾರಿನಲ್ಲಿ ಅದು ‘ಬರಾಜಾ’, ನಮ್ಮಲ್ಲಿ ಜಗಲಿ. ನಮ್ಮ ಜಗಲಿಯಲ್ಲಿ ಯಾರು ಎಷ್ಟು ಒಳಗೆ ಬರಬಹುದು ಎಂಬ ಲೆಕ್ಕವಿತ್ತು. ಬರಾಜಾದಲ್ಲೂ ಬೇರೆ ಬಗೆಯ ಲೆಕ್ಕವಿದೆ, ಗಂಡಸರೇ ಹೆಚ್ಚು ಕೂರುತ್ತಾರೆ. ಆದರೆ ಆಸರಿಗೆ ಕೊಡುವ ಮೊದಲು ನನ್ನ ಜಾತಿಯನ್ನು ಯಾರೂ ಕೇಳಲಿಲ್ಲ.

ಹಾಗೆಂದು ಎಲ್ಲವೂ ಊಟ, ಮದುವೆಗಳೇ ಆಗಿರಲಿಲ್ಲ. ಕಿಲ್ವಾದ ಸುಲ್ತಾನ ಒಳನಾಡಿನ ಮೇಲೆ ದಾಳಿ ಮಾಡುತ್ತಿದ್ದುದನ್ನು ಬತೂತನೇ ಬರೆದಿದ್ದಾನೆ. ಹಡಗುಗಳು ಮನುಷ್ಯರನ್ನೂ ಒಯ್ದವು. ಜಂಜಿಬಾರಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಆಫ್ರಿಕದಿಂದ ಬಂದವರ ಸಂತತಿಯಾದ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಎದುರು ನಿಂತು ಹಿಂದೂ ಮಹಾಸಾಗರದ ಸೌಹಾರ್ದದ ಬಗ್ಗೆ ಭಾಷಣ ಬಿಗಿಯಲು ನನಗೆ ನಾಲಿಗೆ ಏಳುವುದಿಲ್ಲ.

ಬತೂತ ಮುಂದೆ ನಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಎಣಿಸಿದ. ಊರಾಳುವ ಸುಲ್ತಾನ ಜಮಾಲುದ್ದೀನ್ ‘ಹರ್ಯಬ್’ ಎಂಬ ಹಿಂದೂ ಅರಸನಿಗೆ ಅಧೀನನೆಂದೂ ಬರೆದ. ಆ ಹರ್ಯಬ್ ವಿಜಯನಗರದ ಹರಿಹರನೆಂದು ಇತಿಹಾಸಕಾರರು ಗುರುತಿಸುತ್ತಾರೆ.

ಇದನ್ನೆಲ್ಲ ಬರಾಜಾದಲ್ಲಿ ಕೂತು ನೆರೆಮನೆಯ ಮುದುಕರಿಗೆ ಹೇಳಿದೆ. ಅವರು ಕಿಲ್ವಾದ ಕಡೆಯವರು. ‘ನಿಮ್ಮೂರನ್ನು ಪೋರ್ಚುಗೀಸರು ಸುಟ್ಟರೇ?’ ಎಂದು ಕೇಳಿದರು. 1505ರಲ್ಲಿ ಅವರ ನಾಯಕ ಅಲ್ಮೇಡಾ ಜುಲೈಯಲ್ಲಿ ಕಿಲ್ವಾ, ಆಗಸ್ಟಿನಲ್ಲಿ ಮೊಂಬಾಸಾ ಲೂಟಿ ಮಾಡಿ, ಕಾರವಾರದ ಹತ್ತಿರದ ಅಂಜದೀವಿನಲ್ಲಿ ಕೋಟೆ ಕಟ್ಟಿಸಿ, ಅಕ್ಟೋಬರಿನಲ್ಲಿ ಹೊನ್ನಾವರದ ಬಂದರಿನ ಹಡಗುಗಳಿಗೆ ಬೆಂಕಿ ಇಟ್ಟ ಎಂದೆ. ಮುದುಕರು ಬೆರಳು ಮಡಚಿ ತಿಂಗಳು ಎಣಿಸಿದರು. ‘ಹಾಗಾದರೆ ಕೂಸಿ ಹಿಡಿದೇ ಹೋಗಿದ್ದಾನೆ’ ಎಂದರು.