ಹೊಸತೊಡಕಿನ ದಿನ ಅವ್ವನೂ ಜೊತೆಗೇ ಕೂರಲಿ

2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂತು, ಮಾರನೇ ದಿನದ ಬಾಡೂಟದ ಹಬ್ಬ ಹೊಸತೊಡಕು ಸೋಮವಾರ. ಇಂಗ್ಲೆಂಡಿನಲ್ಲಿ ಅವತ್ತು ರಜೆ ಎಲ್ಲಿಂದ ಬರಬೇಕು? ನಮ್ಮನೆಯಲ್ಲಿ ಮಟನ್ ಸಾರು ಆಗಲೇ ಇಲ್ಲ. ಅದಕ್ಕೇ ಮೂರು ವಾರ ಕಳೆದು, ಏಪ್ರಿಲ್ 20ರ ಈಸ್ಟರ್ ಭಾನುವಾರ, ಎಂಟು ಜನರನ್ನು ಊಟಕ್ಕೆ ಕರೆದೆವು. ಅರ್ಧ ನಮ್ಮೂರ ಕಡೆಯವರು, ಅರ್ಧ ಅಕ್ಕಪಕ್ಕದ ಮನೆಯವರು.

ಈಸ್ಟರ್‌ಗೆ ಇಲ್ಲಿನವರು ಕುರಿಮರಿಯ ಇಡೀ ತೊಡೆಯನ್ನೇ ಓವನ್ನಿನಲ್ಲಿಟ್ಟು ರೋಸ್ಟ್ ಮಾಡುತ್ತಾರೆ. ಅವತ್ತು ದೊಡ್ಡ ಅಂಗಡಿಗಳು ತೆರೆಯುವ ಹಾಗಿಲ್ಲ, ಕಾನೂನೇ ಇದೆ. ಹಾಗಾಗಿ ಶನಿವಾರವೇ ಎರಡು ಕೆಜಿಯ ತೊಡೆ ತಂದಿಟ್ಟೆ. ಚಾಕುವಿನಿಂದ ಅಲ್ಲಲ್ಲಿ ಚುಚ್ಚಿ, ಬೆಳ್ಳುಳ್ಳಿ ಎಸಳು, ರೋಸ್ಮರಿ ಕಡ್ಡಿ ತುರುಕಿ, ಉಪ್ಪು ಮೆಣಸು ಎಣ್ಣೆ ಸವರಿದರೆ ಮಸಾಲೆ ಮುಗಿಯಿತು. ಅರ್ಧ ಕೆಜಿಗೆ 20 ನಿಮಿಷ, ಮೇಲೆ ಇನ್ನೊಂದು 20 ನಿಮಿಷ ಅಂತ ಲೆಕ್ಕ. ನನ್ನದಕ್ಕೆ ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು.

ಆಮೇಲಿನದ್ದೇ ನನಗೆ ಬಹಳ ಹಿಡಿಸಿದ್ದು. ಓವನ್ನಿನಿಂದ ತೆಗೆದ ಮಾಂಸವನ್ನು ಕೂಡಲೇ ಕುಯ್ಯಬಾರದು, ಕುಯ್ದರೆ ರಸವೆಲ್ಲ ಹಲಗೆ ಮೇಲೆ ಹರಿದುಹೋಗುತ್ತದೆ, ಅದಕ್ಕೆ ಅರ್ಧ ಗಂಟೆ ಸುಮ್ನೆ ಬಿಡಬೇಕು. ಅಷ್ಟರಲ್ಲಿ ಆಲೂಗಡ್ಡೆ ಗರಿಗರಿಯಾಗುತ್ತದೆ, ತಟ್ಟೆಯಲ್ಲಿ ಇಳಿದ ಜಿಡ್ಡಿನಲ್ಲಿ ಗ್ರೇವಿ ಆಗುತ್ತದೆ, ಪುದೀನಕ್ಕೆ ವಿನೆಗರ್, ಸಕ್ಕರೆ ಕಲಸಿದರೆ ಸಾಸ್ ಸಿದ್ಧ. ಎಲ್ಲವೂ ಒಂದೇ ಸಲಕ್ಕೆ ಮೇಜಿಗೆ ಬಂತು. ನಾನೂ ಕೂತೆ, ನನ್ನ ಹೆಂಡತಿಯೂ ಕೂತಳು. ಅಡಿಗೆಮನೆಯಲ್ಲಿ ಒಬ್ಬರೂ ಇರಲಿಲ್ಲ.

ಆಗ ನೆನಪಾಗಿದ್ದು ಅವ್ವ.

ರುಚಿಯಲ್ಲಿ ನಮ್ಮ ಸಾರಿನ ಮುಂದೆ ರೋಸ್ಟ್ ನಿಲ್ಲುವುದಿಲ್ಲ, ಅದರಲ್ಲಿ ನನಗೆ ಅನುಮಾನವಿಲ್ಲ. ಹಂಚುವುದರಲ್ಲೂ ನಾವೇ ಮೇಲು. ಮಂಡ್ಯ ಕಡೆ ಹಳ್ಳಿಗಳಲ್ಲಿ ಹಬ್ಬಕ್ಕೆ ಮೊದಲೇ ಚೀಟಿ ಕಟ್ಟಿ, ಎಲ್ಲರ ದುಡ್ಡಲ್ಲಿ ಕುರಿ ತಂದು, ಹೊಸತೊಡಕಿನ ಬೆಳಗ್ಗೆ ಗುಡ್ಡೆ ಹಾಕುತ್ತಾರೆ. ಈಲಿ, ಬೋಟಿ, ಮೂಳೆ ಎಲ್ಲ ಪ್ರತಿ ಗುಡ್ಡೆಗೂ ಸ್ವಲ್ಪ ಸ್ವಲ್ಪ. ಉಳ್ಳವನಿಗೂ ಇಲ್ಲದವನಿಗೂ ಒಂದೇ ಗುಡ್ಡೆ. ಆದರೆ ಆ ಗುಡ್ಡೆ ಮನೆಗೆ ಬಂದ ಮೇಲೆ? ಗಂಡಸರು, ಮಕ್ಕಳು, ನೆಂಟರು ಸಾಲಾಗಿ ಕೂರುತ್ತೇವೆ. ಅವ್ವ ಬಿಸಿ ಮುದ್ದೆ ಕಟ್ಟಿ ಕಟ್ಟಿ ತರುತ್ತಾಳೆ, ಸಾರು ಬಿಡುತ್ತಾಳೆ, ಮತ್ತೆ ಒಳಗೆ ಹೋಗುತ್ತಾಳೆ. ಅವಳು ಉಣ್ಣುವ ಹೊತ್ತಿಗೆ ತಳದಲ್ಲಿ ಮೂಳೆ ಜಾಸ್ತಿ, ಚೂರು ಕಮ್ಮಿ. ಮೂವತ್ತು ವರ್ಷ ಅದನ್ನು ನೋಡಿಯೂ ನಾನು ಒಂದು ಮಾತು ಕೇಳಲಿಲ್ಲ.

ಮುದ್ದೆ ಬಿಸಿಯಿರಬೇಕು, ಅದಕ್ಕೇ ಯಾರಾದರೂ ನಿಂತಿರಲೇಬೇಕು ಅಂತೀರಾ? ಹಾಟ್‌ಬಾಕ್ಸ್‌ನಲ್ಲಿ ಹಾಕಿಟ್ಟರೆ ಮುದ್ದೆ ಒಂದು ಊಟ ಮುಗಿಯುವವರೆಗೆ ಧಾರಾಳವಾಗಿ ಬಿಸಿಯಿರುತ್ತದೆ. ಸಾರಂತೂ ಒಲೆಯಿಂದ ಇಳಿಸಿ ಅರ್ಧ ಗಂಟೆ ಬಿಟ್ಟರೆ ಇನ್ನೂ ರುಚಿ. ಪಾತ್ರೆ ನಡುವೆ ಇಟ್ಟು ಸುತ್ತ ಕೂತರೆ ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಬಹುದು, ಅಲ್ವಾ?

ಅವತ್ತೇ ರಾತ್ರಿ ಫೋನಿನಲ್ಲಿ ಅವ್ವನಿಗೆ ಇದನ್ನೆಲ್ಲ ಹೇಳಿದೆ. "ನೀನೂ ಕೂತು ಉಂಡ್ಯಾ, ಬಿಸಿ ಬಿಸೀದು?" ಅಂತ ಕೇಳಿ ಖುಷಿಪಟ್ಟಳು. "ಮುಂದಿನ ಹೊಸತೊಡಕಿಗೆ ಬರ್ತೀನಿ ಕಣವ್ವ, ಮುದ್ದೆ ನಾನು ತಿರುವ್ತೀನಿ" ಅಂದೆ.