ಮಳೆಯ ಹೆಸರಿನಲ್ಲಿ ಮುಚ್ಚಿಹೋಗುವ ಪ್ರಯಾಣಿಕರ ಹಕ್ಕು

ಶಿವಮೊಗ್ಗ ಸಮೀಪದ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಂದು ಸಂಚಾರ ಆರಂಭವಾದ ಮೇಲೆ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರೂ ಬೆಂಗಳೂರಿನ ಆಸ್ಪತ್ರೆಗೆ, ಸಂದರ್ಶನಕ್ಕೆ, ವಿದೇಶದ ವಿಮಾನ ಹಿಡಿಯುವುದಕ್ಕೆ ಅದನ್ನು ನೆಚ್ಚಿಕೊಂಡಿದ್ದಾರೆ. ಆದರೆ ವಿಮಾನ ರದ್ದಾದ ದಿನ ಕೌಂಟರಿನಲ್ಲಿ ‘ಹವಾಮಾನ ಸರಿಯಿಲ್ಲ’ ಎಂದೊಡನೆ ನಮ್ಮವರು ತಮಗೆ ಬರಬೇಕಾದದ್ದನ್ನೂ ಕೇಳದೆ ಟ್ಯಾಕ್ಸಿ ಹಿಡಿದು ಹೊರಟುಬಿಡುತ್ತಾರೆ. ನನಗೆ ಇದು ತೀರಾ ಬೇಸರದ ಸಂಗತಿ.

ಆಷಾಢದ ಮಳೆ, ಮಂಜಿನಲ್ಲಿ ವಿಮಾನ ಇಳಿಸಲೇಬೇಕೆಂದು ಯಾರೂ ಹಠ ಹಿಡಿಯಬಾರದು. ವಿಮಾನ ಸಂಸ್ಥೆಯ ಹಿಡಿತ ಮೀರಿದ ಇಂತಹ ಕಾರಣಗಳಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮವೂ ನಗದು ಪರಿಹಾರದಿಂದ ವಿನಾಯಿತಿ ಕೊಟ್ಟಿದೆ. ಆದರೆ ಆ ವಿನಾಯಿತಿಯಿಂದ ಟಿಕೆಟ್ ಹಣ ಮುಳುಗುವುದಿಲ್ಲ. ಹಣ ವಾಪಸ್ ಬೇಕೋ, ಬೇರೆ ವಿಮಾನ ಬೇಕೋ ಎಂಬ ಆಯ್ಕೆ ಪ್ರಯಾಣಿಕರದೇ. ಸಿಬ್ಬಂದಿಯ ಕೊರತೆಯಂತಹ ಸಂಸ್ಥೆಯದೇ ತೊಂದರೆಯನ್ನು ಮಳೆಯ ಲೆಕ್ಕಕ್ಕೆ ಬರೆಯಲು ಬಿಡಬಾರದು. ಆದ್ದರಿಂದ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಮುನ್ಸೂಚನೆಯಿಲ್ಲದೆ ರದ್ದು ಮಾಡಿದ್ದು ಸಂಸ್ಥೆಯ ತಪ್ಪಿನಿಂದಾದರೆ, ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಮೇಲ್ಪಟ್ಟರೆ 10,000 ರೂಪಾಯಿ ಪರಿಹಾರವಿದೆ. ಆದರೆ ಈ ಮೊತ್ತ, ಇಲ್ಲವೇ ಒಂದು ಕಡೆಯ ಮೂಲದರ ಮತ್ತು ಇಂಧನ ಶುಲ್ಕ ಕೂಡಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ನನ್ನ ಮುಖ್ಯ ತಕರಾರು ಈ ‘ಯಾವುದು ಕಡಿಮೆಯೋ ಅದು’ ಎಂಬುದರ ಮೇಲೆಯೇ. ಉಡಾನ್ ಯೋಜನೆಯ ಅಗ್ಗದ ಟಿಕೆಟ್ ಕೊಂಡವರಿಗೆ ಪರಿಹಾರವೂ ಅಗ್ಗವಾಗುತ್ತದೆ, ಆದರೆ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್ ರಸ್ತೆಯಲ್ಲಿ ಹೋಗುವ ಟ್ಯಾಕ್ಸಿ ಬಾಡಿಗೆ ಅವರಿಗೆಂದು ಇಳಿಯುವುದಿಲ್ಲ. ಯುರೋಪಿನ ನಿಯಮದಲ್ಲಿ ಟಿಕೆಟ್ ದರ ಎಷ್ಟೇ ಇರಲಿ, ದೂರವನ್ನು ನೋಡಿ 250ರಿಂದ 600 ಯೂರೋ ಕೊಡುತ್ತಾರೆ. ನಷ್ಟವನ್ನು ಅಳೆಯುವ ನ್ಯಾಯವಾದ ಕ್ರಮ ಅದು; ನಮ್ಮಲ್ಲಿಯೂ ಹಾಗೆಯೇ ಆಗಬೇಕು.

ಇನ್ನೊಂದು ಮಾತನ್ನು ನಮ್ಮೂರಿನವರು ಗಮನಿಸಲೇಬೇಕು. ಬುಕ್ ಮಾಡುವಾಗ ಸರಿಯಾದ ಸಂಪರ್ಕ ವಿವರ ಕೊಡದವರಿಗೆ ಈ ನಗದು ಪರಿಹಾರವಿಲ್ಲ ಎಂದು ಅದೇ ನಿಯಮ ಹೇಳುತ್ತದೆ. ಪೇಟೆಯ ಏಜೆಂಟರಲ್ಲಿ ಟಿಕೆಟ್ ಮಾಡಿಸುವ ಹಿರಿಯರು ಟಿಕೆಟ್ಟಿನಲ್ಲಿ ಏಜೆಂಟರ ಮೊಬೈಲ್ ಸಂಖ್ಯೆಯಿದ್ದರೆ ಅದನ್ನು ತೆಗೆಸಿ ತಮ್ಮದನ್ನು ಹಾಕಿಸಿಕೊಳ್ಳಬೇಕು.

ಸಂಸ್ಥೆ ಸ್ಪಂದಿಸದಿದ್ದರೆ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ ದೂರು ಜಾಲತಾಣವಾದ ಏರ್‌ಸೇವಾದಲ್ಲಿ ದೂರು ಕೊಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಸಂಸ್ಥೆಯ ಕಚೇರಿಯಿರುವ ಮಹಾನಗರಕ್ಕೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ಅಂದರೆ ಶಿವಮೊಗ್ಗದಲ್ಲಿಯೇ, ದೂರು ಸಲ್ಲಿಸಬಹುದು, ಮತ್ತು ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವೂ ಇಲ್ಲ. ಟಿಕೆಟ್, ರದ್ದತಿಯ ಸಂದೇಶ, ಟ್ಯಾಕ್ಸಿ ಬಾಡಿಗೆಯ ರಸೀದಿ, ಇವಿಷ್ಟನ್ನು ಎಸೆಯದೆ ಇಟ್ಟುಕೊಂಡಿರಿ.