ಡಾಲ್ಫಿನ್ ವಿಡಿಯೊ ವೆನಿಸ್‌ನದಲ್ಲ

ಕೋವಿಡ್ ಕಾಲದ ಒಂದು ವಿಡಿಯೊ ಇನ್ನೂ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. 2020ರ ಮಾರ್ಚ್‌ನಲ್ಲಿ ಪ್ರವಾಸಿಗರಿಲ್ಲದ ವೆನಿಸ್‌ನ ಕಾಲುವೆಗಳಿಗೆ ಡಾಲ್ಫಿನ್‌ಗಳೂ ಹಂಸಗಳೂ ಮರಳಿದವು ಎಂಬುದು ಅದರ ಒಕ್ಕಣೆ. ಇದು ನಿಜವಲ್ಲ.

ದಕ್ಕೆಯ ಪಕ್ಕದಲ್ಲೇ ಡಾಲ್ಫಿನ್ ಈಜುವ ಆ ದೃಶ್ಯ ಸಾರ್ಡೀನಿಯಾ ದ್ವೀಪದ ಕಾಲ್ಯರಿ ಬಂದರಿನದು. ಅಲ್ಲಿಂದ ಸಮುದ್ರದ ದಾರಿಯಲ್ಲಿ ವೆನಿಸ್ ತಲುಪಲು ಇಟಲಿಯ ದಕ್ಷಿಣ ತುದಿಯನ್ನೇ ಸುತ್ತಿ ಬರಬೇಕು. ಹಂಸಗಳ ಚಿತ್ರ ವೆನಿಸ್ ಸಮೀಪದ ಬುರಾನೊ ದ್ವೀಪದ್ದು. ಅಲ್ಲಿ ಹಂಸ ಕಾಣಿಸುವುದು ಮಾಮೂಲು.

ಹಾಗೆಂದು ಎಲ್ಲವೂ ಕಟ್ಟುಕಥೆಯಲ್ಲ. ಕಾಲುವೆಯ ನೀರು ತಿಳಿಯಾಗಿದ್ದು, ಪುಟ್ಟ ಮೀನುಗಳು ಕಂಡಿದ್ದು ನಿಜ. ಆದರೆ ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ. ದೋಣಿಗಳ ಓಡಾಟ ನಿಂತು, ಕದಡುತ್ತಿದ್ದ ಕೆಸರು ತಳಕ್ಕೆ ಇಳಿದಿತ್ತು, ಅಷ್ಟೇ. ಮೇಯರ್ ಕಚೇರಿಯೂ ಆಗ ಇದನ್ನೇ ಹೇಳಿತ್ತು.

‘ಪ್ರಕೃತಿ ಗೆದ್ದಿತು’ ಎಂದು ಸಂಭ್ರಮಿಸುವ ಒಕ್ಕಣೆ ಮುಚ್ಚಿಡುವ ಸಂಗತಿಯೇ ನನಗೆ ಹೆಚ್ಚು ಕಾಡುತ್ತದೆ. 2019ರ ನವೆಂಬರ್‌ನಲ್ಲಿ 187 ಸೆಂ.ಮೀ. ಎತ್ತರದ ಉಬ್ಬರ ನೀರು ಊರನ್ನು ಮುಳುಗಿಸಿತ್ತು. ಚೇತರಿಸಿಕೊಳ್ಳುವ ಮೊದಲೇ, 2020ರ ಫೆಬ್ರುವರಿಯಲ್ಲಿ ಕಾರ್ನಿವಲ್ ಉತ್ಸವವನ್ನು ಎರಡು ದಿನ ಮೊದಲೇ ನಿಲ್ಲಿಸಬೇಕಾಯಿತು. ಆಮೇಲೆ ಲಾಕ್‌ಡೌನ್. ಆ ವರ್ಷ ಜಗತ್ತಿನಾದ್ಯಂತ ಅಂತರರಾಷ್ಟ್ರೀಯ ಪ್ರವಾಸಿಗರ ಸಂಖ್ಯೆ ಶೇ 70ಕ್ಕೂ ಹೆಚ್ಚು ಕುಸಿಯಿತು. ಪ್ರವಾಸಿಗರನ್ನೇ ನಂಬಿದ ಊರಿನಲ್ಲಿ ಕಾಲುವೆ ತಿಳಿಯಾಗಿದೆ ಎಂದರೆ ಗೊಂಡೊಲಾ ದೋಣಿ ನಡೆಸುವವನಿಗೆ ಕೂಲಿಯಿಲ್ಲ, ಹೋಟೆಲಿನ ಬಾಗಿಲು ತೆರೆದಿಲ್ಲ ಎಂದೇ ಅರ್ಥ.

ಅಂದಹಾಗೆ, 2021ರ ಮಾರ್ಚ್‌ನಲ್ಲಿ ಎರಡು ಡಾಲ್ಫಿನ್‌ಗಳು ನಿಜಕ್ಕೂ ವೆನಿಸ್‌ಗೆ ಬಂದಿದ್ದವು. ಅವನ್ನು ಮರಳಿ ಕಡಲಿನತ್ತ ಸಾಗಹಾಕಲಾಯಿತು.